ನೆಗಡಿ ಬಂತೆಂದು ಮೂಗು ಕೊಯ್ಯಬೇಕೇ?



ಹೋದ ತಿಂಗಳು ನಮ್ಮ ಶಾಲೆಯ ಕಂಪ್ಯೂಟರಿಗೆ ಡಿಸ್ಕ್ ಹಾಕಿದರೆ ಓದುತ್ತಿರಲಿಲ್ಲ. ಗರಗರ ತಿರುಗಿ ಸುಮ್ಮನಾಗಿ ‘ಡಿಸ್ಕ್ ಹಾಕಿ’ ಎಂದು ಹೇಳುತ್ತಿತ್ತು. ಹಾಕಿದ್ದೀವಲ್ಲಪ್ಪ ಅಂತ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ‘ಡ್ರೈವ್ ಕೆಟ್ಟೋಗಿದೆ, ಗುಜರಿಗೆ ಹಾಕೋಣ, ಬೀರುವಿನಲ್ಲಿರೋ ಡಿಸ್ಕ್‌ಗಳೂ ಹೋಗಲಿ’ ಎಂಬ ಮಾತು ಬಂತು. ನಮ್ಮ ತರಗತಿಯವರೇ ಕೆಲವರು, ‘ಈಗ ಎಲ್ಲಾ ಮೊಬೈಲಲ್ಲೇ ಸಿಗುತ್ತೆ, ಡಿಸ್ಕ್ ಯಾರಿಗೆ ಬೇಕು? ಹೊಲದಲ್ಲಿ ಹಕ್ಕಿ ಓಡಿಸೋಕೆ ದಾರಕ್ಕೆ ಕಟ್ಟೋಣ’ ಎಂದರು.

ನಾನು ಇದನ್ನು ಒಪ್ಪುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಬೀರುವಿನಲ್ಲಿ ೧೪ ಡಿಸ್ಕ್‌ಗಳಿವೆ. ಒಂದು ೨೦೦೭ನೇ ಇಸವಿಯ ಶಾಲಾ ವಾರ್ಷಿಕೋತ್ಸವದ ವಿ.ಸಿ.ಡಿ. ಆಗ ನಮ್ಮಜ್ಜಿ ಇಲ್ಲಿ ಬಿಸಿಯೂಟದ ಅಡುಗೆ ಮಾಡ್ತಿದ್ರು. ಟೀಚರ್ ಬಲವಂತ ಮಾಡಿದ್ದಕ್ಕೆ ಕೊನೆಯಲ್ಲಿ ವೇದಿಕೆ ಹತ್ತಿ ಒಂದು ಸೋಬಾನೆ ಪದ ಹೇಳಿದ್ದರಂತೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಮನೆಯಲ್ಲಿ ಅವರ ಫೋಟೋ ಇದೆ, ದನಿ ಇಲ್ಲ. ಅದು ಯಾವ ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ?

ಲೈಟು ಹತ್ತದಿದ್ದರೆ ನಾವು ಏನು ಮಾಡುತ್ತೇವೆ? ಮನೆಯ ವೈರನ್ನೆಲ್ಲ ಕಿತ್ತು ಬಿಸಾಡುವುದಿಲ್ಲ. ಅದೇ ಹೋಲ್ಡರಿಗೆ ಬೇರೆ ಬಲ್ಬ್ ಹಾಕಿ ನೋಡುತ್ತೇವೆ. ಅದೇ ಬಲ್ಬನ್ನು ಬೇರೆ ಹೋಲ್ಡರಿಗೂ ಹಾಕಿ ನೋಡುತ್ತೇವೆ. ಆಗ ತಪ್ಪು ಯಾರದೆಂದು ತಾನಾಗಿಯೇ ಗೊತ್ತಾಗುತ್ತದೆ. ಇಲ್ಲಿಯೂ ಇಬ್ಬರಿದ್ದಾರೆ, ಡಿಸ್ಕ್ ಮತ್ತು ಡ್ರೈವ್. ಒಂದೇ ಡಿಸ್ಕ್ ಹಾಕಿ ನೋಡಿ ಡ್ರೈವಿಗೆ ಶಿಕ್ಷೆ ಕೊಡುವುದು ನ್ಯಾಯವಲ್ಲ.

ನಾನು ಸರ್ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಒಪ್ಪಿದರು. ಡ್ರೈವಿನ ಹೆಸರು ಪರದೆಯಲ್ಲಿ ಕಾಣುತ್ತಿತ್ತು, ಒಳಗೆ ಡಿಸ್ಕ್ ತಿರುಗುತ್ತಲೂ ಇತ್ತು. ಆದ್ದರಿಂದ ವೈರ್ ಸರಿಯಿದೆ ಎಂದಾಯಿತು. ಆಮೇಲೆ ೧೪ ಡಿಸ್ಕ್‌ಗಳನ್ನೂ ಹಾಕಿದೆವು. ಒಂದನ್ನೂ ಓದಲಿಲ್ಲ. ಹದಿನಾಲ್ಕೂ ಒಟ್ಟಿಗೆ ಕೆಡುವುದುಂಟೇ? ತಪ್ಪು ಡ್ರೈವಿನದೇ ಇರಬೇಕು.

ಡ್ರೈವಿನೊಳಗೆ ಒಂದು ಸಣ್ಣ ಲೆನ್ಸ್ ಇರುತ್ತದೆ. ಅದರ ಮೂಲಕ ಲೇಸರ್ ಬೆಳಕು ಡಿಸ್ಕಿನ ಮೇಲೆ ಬಿದ್ದು ವಾಪಸ್ಸು ಬರುತ್ತದೆ. ಹಾಗೆ ಬಂದ ಬೆಳಕಿನ ಹೆಚ್ಚುಕಡಿಮೆಯೇ ಅಕ್ಷರವೂ ಹಾಡೂ ಆಗುತ್ತದೆ. ಆ ಲೇಸರ್ ಕಣ್ಣಿಗೆ ಅಪಾಯ. ಅದಕ್ಕೇ ಸರ್ ಮೊದಲು ಪ್ಲಗ್ ಕಿತ್ತು, ಡ್ರೈವ್ ಹೊರಗೆ ತೆಗೆದು, ತಾವೇ ಸ್ಕ್ರೂ ಬಿಚ್ಚಿದರು. ಲೆನ್ಸ್ ತೊಗರಿಕಾಳಿನಷ್ಟು ಇತ್ತು. ಅದರ ಮೇಲೆ ಬೂದಿಯಂತೆ ದೂಳು! ನಮ್ಮ ಶಾಲೆಯ ಪಕ್ಕದಲ್ಲೇ ಕಣ, ಸುಗ್ಗಿಯಲ್ಲಿ ರಾಗಿ ಒಕ್ಕುವಾಗ ಕಿಟಕಿ ಮುಚ್ಚುವವರು ಯಾರು? ಕ್ಯಾಮೆರಾ ಒರೆಸುವ ರಬ್ಬರ್ ಬುಂಡೆಯಿಂದ ಗಾಳಿ ಹೊಡೆದು, ಹತ್ತಿಯಿಂದ ಮೆಲ್ಲಗೆ ಮುಟ್ಟಿ ತೆಗೆದರು.

ಮತ್ತೆ ಜೋಡಿಸಿ ಹಾಕಿದೆವು. ೧೩ ಡಿಸ್ಕ್‌ಗಳು ಓದಿದವು!

ಹದಿನಾಲ್ಕನೆಯದು ಅಜ್ಜಿಯದು. ಅದು ಕೊನೆಯ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆವು. ತಟ್ಟೆ ಒರೆಸಿದ ಹಾಗೆ ಸುತ್ತ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಯಾಕೆಂದರೆ ಸಿ.ಡಿ.ಯಲ್ಲಿ ಬರಹ ಸುರುಳಿ ಸುರುಳಿಯಾಗಿ ಇರುತ್ತದೆ. ೧೨ ಸೆಂ.ಮೀ. ಅಗಲದ ಡಿಸ್ಕಿನಲ್ಲಿ ಆ ಸುರುಳಿಯ ಉದ್ದ ಸುಮಾರು ೫ ಕಿ.ಮೀ. ಅಡ್ಡ ಗೀರಿದರೆ ಚೂರುಚೂರೇ ಅಳಿಸುತ್ತದೆ, ಅದನ್ನು ಡ್ರೈವ್ ಸರಿಮಾಡಿಕೊಳ್ಳುತ್ತದೆ. ಸುತ್ತ ಗೀರಿದರೆ ಒಂದೇ ಕಡೆ ಉದ್ದಕ್ಕೆ ಅಳಿಸಿಹೋಗುತ್ತದೆ.

ಒರೆಸಿದರೂ ಆಗಲಿಲ್ಲ. ಹೊಳೆನರಸೀಪುರದ ಮಾವನ ಮನೆ ಕಂಪ್ಯೂಟರಿಗೆ ಹಾಕಿದೆ. ಅಲ್ಲೂ ಅದೇ ಜಾಗದಲ್ಲಿ ನಿಂತಿತು. ಹಾಗಾದರೆ ಈ ಸಲ ತಪ್ಪು ಡಿಸ್ಕಿನದು. ತಿರುಗಿಸಿ ನೋಡಿದರೆ ಮೇಲ್ಭಾಗದ ಅಂಚಿನಲ್ಲಿ ಯಾರೋ ಬಾಲ್ ಪೆನ್ನಿನಲ್ಲಿ ಒತ್ತಿ ‘ವಾರ್ಷಿಕೋತ್ಸವ’ ಎಂದು ಬರೆದಿದ್ದರು. ಸಿ.ಡಿ.ಯ ಬರಹ ಹೊಳೆಯುವ ಕೆಳಭಾಗದಲ್ಲಿರುತ್ತದೆಂದು ನಾವು ತಿಳಿದಿದ್ದೇವೆ. ಅದು ತಪ್ಪು. ಅದು ಹೆಸರು ಬರೆಯುವ ಮೇಲ್ಭಾಗದ ತೆಳು ಪದರದ ಕೆಳಗೇ ಇರುತ್ತದೆ. ಸಿ.ಡಿ. ನಡುವಿನಿಂದ ಅಂಚಿನ ಕಡೆಗೆ ಓದಿಕೊಂಡು ಹೋಗುವುದರಿಂದ ಕೊನೆಗೆ ಬಂದ ಅಜ್ಜಿಯ ಪದವೇ ಆ ಪೆನ್ನಿಗೆ ಸಿಕ್ಕಿತು. ಮೊದಲ ಎರಡು ನುಡಿ ಮಾತ್ರ ಉಳಿದಿದೆ. ಅಷ್ಟನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಬಂದು ಅಮ್ಮನಿಗೆ ಕೇಳಿಸಿದೆ. ಅಮ್ಮ ಏನೂ ಮಾತಾಡಲಿಲ್ಲ, ಇನ್ನೊಂದು ಸಲ ಹಾಕು ಅಂದರು.

ಗುಜರಿಗೆ ಹಾಕಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಮಕ್ಕಳು ಮುಟ್ಟಿದರೆ ಇನ್ನಷ್ಟು ಕೆಡುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಮುಟ್ಟದೆ ಬೀಗ ಹಾಕಿಟ್ಟರೂ ಕೆಡುತ್ತದೆ ಎಂಬುದನ್ನು ಆ ದೂಳೇ ಹೇಳಿತಲ್ಲ! ನಮ್ಮ ಹಾಸನದಲ್ಲಿ ಇಸ್ರೋದವರ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅದು ಶುರುವಾಗಿದ್ದು ೧೯೮೨ರಲ್ಲಿ, ಸಿ.ಡಿ. ಮೊದಲು ಮಾರಾಟಕ್ಕೆ ಬಂದದ್ದೂ ಅದೇ ವರ್ಷ, ಜಪಾನಿನಲ್ಲಿ. ಸುಮಾರು ೩೬,೦೦೦ ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಉಪಗ್ರಹಕ್ಕೆ ಏನಾದರೂ ಆದರೆ ಅವರು ಸ್ಕ್ರೂ ಬಿಚ್ಚಲು ಆಗುವುದಿಲ್ಲ, ಗುಜರಿಗೆ ಹಾಕಲೂ ಆಗುವುದಿಲ್ಲ. ಇಲ್ಲಿಂದಲೇ ಒಂದೊಂದಾಗಿ ನೋಡಿ ಪತ್ತೆ ಹಚ್ಚಬೇಕು. ಅಂಥ ಜಿಲ್ಲೆಯವರಾದ ನಾವು ಕೈಗೆ ಸಿಗುವ ದೂಳು ನೋಡದೆ ಇದ್ದರೆ ಹೇಗೆ?

ನನ್ನ ಕೋರಿಕೆ ಮೂರು. ಕಂಪ್ಯೂಟರಿಗೆ ಒಂದು ಬಟ್ಟೆ ಹೊದಿಸಬೇಕು. ಉಳಿದ ೧೩ ಡಿಸ್ಕ್‌ಗಳನ್ನು ಈಗಲೇ ಪೆನ್ ಡ್ರೈವಿಗೆ ಇಳಿಸಬೇಕು, ಡಿಸ್ಕಿಗೂ ವಯಸ್ಸಾಗುತ್ತದೆ. ಏನೇ ಕೆಟ್ಟರೂ ಬಿಸಾಡುವ ಮುಂಚೆ ಸರ್ ಎದುರಿಗೆ ನಾವು ಒಮ್ಮೆ ಪರೀಕ್ಷೆ ಮಾಡಿ ನೋಡಬೇಕು.

ನಿಮಗೇನನ್ನಿಸುತ್ತದೆ? ಕೆಳಗೆ ಜಾಗ ಬಿಟ್ಟಿದ್ದೇನೆ, ಬರೆಯಿರಿ. ಪೆನ್ನಿನಲ್ಲಿ ಒತ್ತಿ ಬರೆದರೂ ಪರವಾಗಿಲ್ಲ, ಇದು ಹಾಳೆ!

– ಏಳನೇ ತರಗತಿ ವಿದ್ಯಾರ್ಥಿನಿ