ಪೆನ್‌ಡ್ರೈವ್ ಯಾರಿಗೂ ಕಾಯುವುದಿಲ್ಲ

ಕಳೆದ ವರ್ಷದ ಪ್ರತಿಭಾ ದಿನದಂದು ನಾನು ಹಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹಾಡು ಚೆನ್ನಾಗಿತ್ತು ಅಂತಲ್ಲ, ಮಧ್ಯೆ ಬಂದ ಫೋನ್‌ನಿಂದಾಗಿ. ಕರೋಕೆ ಟ್ರ್ಯಾಕ್ ಗೆಳೆಯನ ಮೊಬೈಲ್‌ನಲ್ಲಿತ್ತು. ಎರಡನೇ ಚರಣ ಶುರುವಾಗುವ ಹೊತ್ತಿಗೆ ಸರಿಯಾಗಿ ಅವನ ಉಮ್ಮ ಕರೆ ಮಾಡಿದರು. ರಿಂಗ್‌ಟೋನ್ ಇಡೀ ಸಭಾಂಗಣಕ್ಕೆ ಕೇಳಿಸಿತು. ಅವನು ಕಟ್ ಮಾಡಿದ ಮೇಲೆ ಟ್ರ್ಯಾಕ್ ಮತ್ತೆ ಓಡತೊಡಗಿತು, ಆದರೆ ಅದು ಎಲ್ಲೋ, ನಾನೆಲ್ಲೋ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ನಮ್ಮೂರ ಮೈದಾನದಲ್ಲಿ ಯುವಕ ಮಂಡಲದ ವಾರ್ಷಿಕೋತ್ಸವ ಇತ್ತು. ಸಂಗೀತ ರಸಮಂಜರಿ ಇದೆ ಎಂದು ಬ್ಯಾನರ್ ಹಾಕಿದ್ದರು. ನಮ್ಮ ನೆರೆಮನೆಯ ಅಣ್ಣ ಆ ತಂಡದಲ್ಲಿ ಆಕ್ಟೋಪ್ಯಾಡ್ ನುಡಿಸುತ್ತಾರೆ. ಸ್ಟ್ಯಾಂಡ್, ಕೇಬಲ್ ಹೊತ್ತುಕೊಡುವ ನೆಪದಲ್ಲಿ ನಾನು ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ. ಊರಿನ ಏಳನೇ ತರಗತಿಯ ಹುಡುಗಿಯೊಬ್ಬಳಿಗೆ ಹಾಡಲು ಅವಕಾಶ ಕೊಟ್ಟರು. ಪಲ್ಲವಿ ಮುಗಿದು ಮಧ್ಯದ ಸಂಗೀತ ಇನ್ನೂ ಅರ್ಧದಲ್ಲಿರುವಾಗಲೇ ಅವಳು ಗಾಬರಿಯಲ್ಲಿ ಚರಣ ಹಾಡಲು ಶುರು ಮಾಡಿಬಿಟ್ಟಳು. ಕೀಬೋರ್ಡ್‌ನವರು ಹಿಂದಕ್ಕೆ ತಿರುಗಿ ತಲೆ ಆಡಿಸಿದರು, ಅಷ್ಟೇ. ಬೇಸ್ ಗಿಟಾರ್, ತಬಲಾ, ಆಕ್ಟೋಪ್ಯಾಡ್ ಎಲ್ಲವೂ ಒಂದೇ ಏಟಿಗೆ ಚರಣಕ್ಕೆ ಹಾರಿದವು. ಕುರ್ಚಿಯಲ್ಲಿ ಕುಳಿತವರಿಗೆ ಏನೂ ಗೊತ್ತಾಗಲಿಲ್ಲ. ಆ ಹುಡುಗಿಗೂ ಗೊತ್ತಾಗಲಿಲ್ಲ ಅಂತ ಕಾಣುತ್ತದೆ, ಚಪ್ಪಾಳೆ ಬಿದ್ದಾಗ ಅವಳ ಮುಖ ನೋಡಬೇಕಿತ್ತು.

ನನಗೆ ಅಲ್ಲಿಯೇ ವಿಷಯ ಅರ್ಥವಾಯಿತು. ಬ್ಯಾಂಡ್ ಹಾಡುವವರ ಮಾತು ಕೇಳುತ್ತದೆ. ಶ್ರುತಿ ಎತ್ತರವಾಯಿತೆಂದರೆ ಇಳಿಸಿಕೊಡುತ್ತದೆ, ಉಸಿರು ಸಾಲದಿದ್ದರೆ ಒಂದು ಸುತ್ತು ಹೆಚ್ಚು ನುಡಿಸುತ್ತದೆ. ಪೆನ್‌ಡ್ರೈವ್‌ನ ಟ್ರ್ಯಾಕ್ ತನ್ನ ಪಾಡಿಗೆ ಹೋಗುತ್ತದೆ, ಬಸ್ ತಪ್ಪಿದರೆ ತಪ್ಪಿತು.

ಆದರೂ ಸಂಘಟಕರು ಟ್ರ್ಯಾಕ್‌ನವರನ್ನೇ ಕರೆಯುತ್ತಾರೆ. ತಂಡ ಎಂದರೆ ಎಂಟು ಹತ್ತು ಜನ, ಒಂದು ಟೆಂಪೊ, ಸಂಜೆ ನಾಲ್ಕರಿಂದ ಸೌಂಡ್ ಚೆಕ್, ರಾತ್ರಿ ಊಟ. ಟ್ರ್ಯಾಕ್ ಗಾಯಕರು ಸ್ಕೂಟರ್‌ನಲ್ಲಿ ಬರುತ್ತಾರೆ, ಜೇಬಿನಲ್ಲೇ ಇಡೀ ಆರ್ಕೆಸ್ಟ್ರಾ. ನಮ್ಮ ಅಣ್ಣನಿಗೆ ಮೊದಲು ಜನವರಿಯಿಂದ ಮೇ ತನಕ ವಾರಕ್ಕೆ ಎರಡು ಮೂರು ಕಾರ್ಯಕ್ರಮ ಇರುತ್ತಿತ್ತಂತೆ. ಈಗ ತಿಂಗಳಿಗೆ ಎರಡು ಸಿಕ್ಕಿದರೆ ಹೆಚ್ಚು. ಹಗಲು ರಿಕ್ಷಾ ಓಡಿಸುತ್ತಾರೆ. ಆಕ್ಟೋಪ್ಯಾಡ್ ಮಾರುವ ಯೋಚನೆಯೂ ಇದೆ.

ಇನ್ನು ಸಿಗುವ ಕಾರ್ಯಕ್ರಮದಲ್ಲಿ ಸಮಯ ಎಲ್ಲಿ? ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ನಿರ್ಬಂಧ ಇದೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ಬಂದದ್ದು. ಆ ನಿಯಮ ಸರಿಯಾಗಿಯೇ ಇದೆ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇರುವವರಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು ಇರುವುದು ಸಭಾ ಕಾರ್ಯಕ್ರಮದ ಮೇಲೆ. ಸ್ವಾಗತ, ಪ್ರಾಸ್ತಾವಿಕ, ಆರು ಜನರಿಗೆ ಸನ್ಮಾನ, ಅವರ ಆರು ಭಾಷಣ. ಒಂಬತ್ತೂವರೆಗೆ ಮೈಕ್ ತಂಡದ ಕೈಗೆ ಬರುತ್ತದೆ. ನಾಲ್ಕು ಗಂಟೆಯಿಂದ ಕಾದವರಿಗೆ ಅರ್ಧ ಗಂಟೆ!

ತಪ್ಪು ತಂಡಗಳದ್ದೂ ಇದೆ. ನಾನು ನೋಡಿದ ಎಲ್ಲ ರಸಮಂಜರಿಗಳಲ್ಲೂ ಹೆಚ್ಚುಕಡಿಮೆ ಅದೇ ಇಪ್ಪತ್ತು ಸಿನಿಮಾ ಹಾಡು. ಸೌಂಡ್ ಎದೆಗೆ ಗುದ್ದುವಷ್ಟು ಜೋರು. ಸ್ವಂತ ಹಾಡು ಕಟ್ಟಿ ಎಂದರೆ "ಯಾರು ಕೇಳ್ತಾರೆ ಮಾರಾಯ?" ಅಂತಾರೆ ಅಣ್ಣ. ಕೇಳುವವರು ಇದ್ದಾರೆ. ರಘು ದೀಕ್ಷಿತ್ ಅವರ ತಂಡ ಸಂತ ಶಿಶುನಾಳ ಷರೀಫರ ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹೊರದೇಶದ ವೇದಿಕೆಗಳಲ್ಲಿ ಕನ್ನಡದಲ್ಲೇ ಹಾಡುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು 2002ರಿಂದ ತಿಂಗಳಿಗೊಂದು ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ. ಕೊಂಕಣಿಯಂಥ ಸಣ್ಣ ಭಾಷೆಯಲ್ಲಿ ಹೊಸ ಹಾಡು ಹುಟ್ಟಲು ಇಂಥ ತಿಂಗಳ ವೇದಿಕೆ ಬೇಕು ಎಂದು ನನಗನ್ನಿಸುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಸ್ಟೇಜ್ ಹಾಕುವುದಕ್ಕಿಂತ ತಿಂಗಳಿಗೊಮ್ಮೆ ಸಣ್ಣದು ಮೇಲು. ಬ್ಯಾರಿಯಲ್ಲೋ ತುಳುವಿನಲ್ಲೋ ಹಾಡು ಬರೆಯುವ ನಮ್ಮ ವಯಸ್ಸಿನವರಿಗೆ ಅಂಥದ್ದೊಂದು ಜಾಗ ನಮ್ಮ ಬಂಟ್ವಾಳದ ಕಡೆ ನನಗೆ ಕಂಡಿಲ್ಲ.

ಬ್ಯಾಂಡ್ ಎಂದರೆ ಅಗ್ಗದ್ದು ಎನ್ನುವವರಿಗೆ ಒಂದು ಮಾತು. ಕದ್ರಿ ಗೋಪಾಲನಾಥ್ ನಮ್ಮದೇ ತಾಲೂಕಿನ ಸಜಿಪದವರು, ನಾಗಸ್ವರದವರ ಮಗ. ಅವರು ಸ್ಯಾಕ್ಸೊಫೋನ್‌ಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಅದನ್ನು ಕೇಳಿದ ಮೇಲೆ. ಬ್ಯಾಂಡ್‌ನ ವಾದ್ಯ ಕಛೇರಿಗೆ ಬಂತು. 2019ರಲ್ಲಿ ತೀರಿಕೊಂಡರು. ಈಗ ನಮ್ಮ ಕಡೆಯ ಮದುವೆಗಳಲ್ಲೂ ಉತ್ಸವಗಳಲ್ಲೂ ಸ್ಯಾಕ್ಸೊಫೋನ್ ಮಾಮೂಲು.

ವಾದ್ಯ ಸಂಗೀತ ಇಷ್ಟಪಡದ ಮನೆಗಳಿಂದ ಬರುವವರು ನಮ್ಮ ಕಾಲೇಜಿನಲ್ಲಿ ಇದ್ದಾರೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಅವರ ಜೊತೆ ನನಗೆ ಜಗಳ ಇಲ್ಲ. ಆದರೆ ಕಳೆದ ವಾರ್ಷಿಕೋತ್ಸವವನ್ನು ನೆನಪು ಮಾಡಿಕೊಳ್ಳಿ. ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಟ್ಟು ನೋಡಿದ್ದು ಯಾವುದನ್ನು? ನಮ್ಮ ಹುಡುಗರ ದಫ್ ತಂಡವನ್ನು. ಹತ್ತು ಜನ, ಹತ್ತು ದಫ್, ಒಬ್ಬನ ಕಣ್ಸನ್ನೆಗೆ ಎಲ್ಲರ ಕೈ ಒಟ್ಟಿಗೆ ಏಳುತ್ತಿತ್ತು. ಅಂದು ಲೈವ್ ಆಗಿ ನಡೆದದ್ದು ಅದೊಂದೇ. ಉಳಿದದ್ದೆಲ್ಲ ಲ್ಯಾಪ್‌ಟಾಪ್‌ನಿಂದ ಬಂದದ್ದು.

ಈ ಸಲ ಸಾಂಸ್ಕೃತಿಕ ಸಮಿತಿಗೆ ನನ್ನದೊಂದು ವಿನಂತಿ ಇದೆ. ಭಾಷಣಗಳಿಗಿಂತ ಮೊದಲು ನಲವತ್ತು ನಿಮಿಷ ಕೊಡಿ. ದಫ್ ತಂಡ ಮೊದಲು, ಅದರ ನಂತರ ನಮ್ಮದು. ಸೈನ್ಸ್ ವಿಭಾಗದಲ್ಲಿ ಗಿಟಾರ್ ಬರುವವನೊಬ್ಬ ಇದ್ದಾನೆ, ಕಾಮರ್ಸ್‌ನಲ್ಲಿ ಹಾಡು ಬರೆಯುವ ಹುಡುಗಿ ಇದ್ದಾಳೆ, ಅವಳ ಪುಸ್ತಕ ನಾನು ಕದ್ದು ನೋಡಿದ್ದೇನೆ (ಕ್ಷಮಿಸು). ತಾಳಕ್ಕೆ ನೆರೆಮನೆಯ ಅಣ್ಣನನ್ನು ಕೇಳಿದೆ. "ಮಕ್ಕಳ ಕಾರ್ಯಕ್ರಮ ಅಲ್ವಾ, ದುಡ್ಡು ಬೇಡ, ಚಾ ಕೊಟ್ಟರೆ ಸಾಕು" ಅಂದರು.

ಚಾ ಕೊಟ್ಟು ಕಳಿಸುವುದು ಬೇಡ. ತಲೆಗೆ ಇಪ್ಪತ್ತು ರೂಪಾಯಿ ಹಾಕೋಣ. ನಾನು ನನ್ನದನ್ನು ಆಗಲೇ ಕ್ಲಾಸ್ ಲೀಡರ್ ಕೈಗೆ ಕೊಟ್ಟಿದ್ದೇನೆ.