ಮೂರು ಪಾಲು, ಒಂದೇ ಹೆಬ್ಬಾಗಿಲು

ಆಫೀಸ್ ಕೆಲಸದ ಮೇಲೆ ಜರ್ಮನಿಗೆ ಬಂದು ನಾಲ್ಕು ತಿಂಗಳಾಗಿತ್ತು. ಒಂದು ಶನಿವಾರ ಕೊಬ್ಲೆನ್ಸ್‌ನಲ್ಲಿ ರೈಲು ಹತ್ತಿ, ಮೊಸೆಲ್ ನದಿ ದಡದ ಮೊಸೆಲ್‌ಕೆರ್ನ್ ಅನ್ನೋ ಪುಟ್ಟ ಊರಲ್ಲಿ ಇಳಿದೆ. ಇಳಿಯೋ ಹೊತ್ತಿಗೆ ಊರಿಂದ ಅಪ್ಪನ ಫೋನ್.

"ನಿನ್ನ ಚಿಕ್ಕಪ್ಪ ಪಾಲು ಕೇಳ್ತಿದಾನೆ ಕಣೋ. ನಡುಮನೆಗೆ ಅಡ್ಡಗೋಡೆ ಹಾಕ್ಬೇಕಂತೆ. ನೀನೇನಂತೀಯಾ?"

ಏನನ್ನಲಿ? ಆ ನಡುಮನೆಯಲ್ಲೇ ನಾವು ಏಳು ಜನ ಮೊಮ್ಮಕ್ಕಳು ಸಾಲಾಗಿ ಮಲಗಿ ಬೆಳೆದವರು. "ಸಂಜೆ ಮಾಡ್ತೀನಪ್ಪಾ" ಅಂತ ಹೇಳಿ ಕಾಡುದಾರಿ ಹಿಡಿದೆ.

ಹೊರಟಿದ್ದು ಎಲ್ಟ್ಸ್ ಕೋಟೆ ನೋಡಲು. ಹಳ್ಳದ ಪಕ್ಕದಲ್ಲೇ ಒಂದು ಗಂಟೆಗೂ ಹೆಚ್ಚಿನ ನಡಿಗೆ. ಕೋಟೆ ಅಂದರೆ ಬೆಟ್ಟದ ತುದಿಯಲ್ಲಿ, ದೂರದಿಂದಲೇ ಕಾಣಬೇಕು ಅಂತ ನನ್ನ ಕಲ್ಪನೆ. ಇದು ಹಾಗಲ್ಲ. ಸುತ್ತಲಿನ ಕಾಡುಗುಡ್ಡಗಳೇ ಇದಕ್ಕಿಂತ ಎತ್ತರ. ಕಣಿವೆಯ ನಡುವೆ ಸುಮಾರು 70 ಮೀಟರ್ ಎತ್ತರದ ಬಂಡೆ, ಅದರ ಮೂರು ಕಡೆ ಎಲ್ಟ್ಸ್ ಹಳ್ಳ ಸುತ್ತಿ ಹರಿಯುತ್ತದೆ. ಆ ಬಂಡೆಯ ಮೇಲೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, 35 ಮೀಟರ್‌ವರೆಗೆ ಏರಿದ ಗೋಪುರಗಳು. ಒಂದರಂತೆ ಇನ್ನೊಂದಿಲ್ಲ. ಕೆಳಗೆ ಕಲ್ಲಿನ ಗೋಡೆ, ಮೇಲಿನ ಅಂತಸ್ತುಗಳಲ್ಲಿ ಮರದ ಚೌಕಟ್ಟು. ಒಬ್ಬ ಎಂಜಿನಿಯರ್ ಪ್ಲಾನ್ ಹಾಕಿ ಕಟ್ಟಿದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಯಾಕೆ ಹೀಗೆ? ಉತ್ತರ ಕೇಳಿ ನನಗೆ ಅಪ್ಪನ ಫೋನ್ ನೆನಪಾಯ್ತು. ಇದು ಪಾಲಾದ ಮನೆ!

ಮೊಸೆಲ್ ಕಣಿವೆಯಿಂದ ಐಫೆಲ್ ಬೆಟ್ಟಗಳ ಕಡೆ ಹೋಗುವ ವ್ಯಾಪಾರದ ದಾರಿಯನ್ನು ಕಾಯಲು 12ನೇ ಶತಮಾನದಲ್ಲಿ ಹುಟ್ಟಿದ ಕೋಟೆ ಇದು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾನ 1157ರ ಒಂದು ದಾನಪತ್ರಕ್ಕೆ ರುಡಾಲ್ಫ್ ಫಾನ್ ಎಲ್ಟ್ಸ್ ಎಂಬುವನು ಸಾಕ್ಷಿ. 1268ಕ್ಕೆ ಮುಂಚೆಯೇ ಎಲಿಯಾಸ್, ವಿಲ್ಹೆಲ್ಮ್, ಥಿಯೋಡೊರಿಖ್ ಎಂಬ ಮೂವರು ಅಣ್ಣತಮ್ಮಂದಿರಲ್ಲಿ ಪಾಲಿನ ಮಾತು ಬಂದು, ಆ ವರ್ಷ ಕೋಟೆ, ಜಮೀನು ಎಲ್ಲ ಹಂಚಿಕೆಯಾಯಿತು. ಮುಂದೆ ಮನೆತನ ಕೆಂಪೆನಿಖ್, ರ್‍ಯೂಬೆನಾಖ್, ರೋಡೆನ್‌ಡಾರ್ಫ್ ಅಂತ ಮೂರು ಶಾಖೆಯಾಗಿ ಬೆಳೆಯಿತು. ಮೂವರಿಗೂ ಜಾಗ ಅದೇ ಒಂದು ಬಂಡೆ. ಅಗಲಕ್ಕೆ ಹೋಗೋ ಹಾಗಿಲ್ಲ, ಹಾಗಾಗಿ ಎಲ್ಲರೂ ಎತ್ತರಕ್ಕೆ ಕಟ್ಟಿದರು. ರ್‍ಯೂಬೆನಾಖ್ ಮನೆ ಮುಗಿದದ್ದು 1472ರಲ್ಲಿ. ರೋಡೆನ್‌ಡಾರ್ಫ್ ಮನೆಗಳು ಸುಮಾರು 1490ರಿಂದ 1540ರೊಳಗೆ. ಕೆಂಪೆನಿಖ್ ಮನೆಗಳು ಪೂರ್ತಿಯಾಗಿದ್ದು 17ನೇ ಶತಮಾನದಲ್ಲಿ.

ಒಳಗೆ ಹೋದರೆ ನಡುವೆ ಅಂಗಳ, ಸುತ್ತ ಮೂರೂ ಕಡೆಯವರ ಮನೆ. ನಮ್ಮ ತೊಟ್ಟಿಮನೆಯನ್ನು ಎಂಟು ಅಂತಸ್ತಿಗೆ ಎತ್ತಿ ನಿಲ್ಲಿಸಿದ ಹಾಗೆ. 80ಕ್ಕೂ ಹೆಚ್ಚು ಕೋಣೆ, 40ರಷ್ಟು ಕೋಣೆಗೆ ಬೆಂಕಿಗೂಡು, 20 ಶೌಚಾಲಯ. ಆ ಕಾಲಕ್ಕೆ ಇದು ದೊಡ್ಡ ಅನುಕೂಲವೇ! ಶೌಚಾಲಯ ತೊಳೆಯೋದಕ್ಕೆ ಮಳೆನೀರು.

ಪಾಲಾಗದೆ ಉಳಿದದ್ದೂ ಇದೆ. ಹೆಬ್ಬಾಗಿಲು ಒಂದೇ. ಅಂಗಳ ಎಲ್ಲರದು. ಬಾವಿ ಇರೋದು ಕೆಂಪೆನಿಖ್‌ನವರ ಮನೆಯ ಕೆಳಗೆ, ಆದರೆ ಇಡೀ ಕೋಟೆಗೆ ನೀರು ಅದರಿಂದಲೇ. ಯಾರ ಹಕ್ಕೇನು, ಯಾರ ಜವಾಬ್ದಾರಿ ಏನು ಅಂತ ಪತ್ರ ಬರೆದು ಇಟ್ಟುಕೊಂಡಿದ್ದರು. ಅದಕ್ಕೆ 'ಕೋಟೆಶಾಂತಿ' ಪತ್ರ ಅಂತಲೇ ಹೆಸರು. ಜಗಳ ಆಡದವರು ಇಂಥ ಪತ್ರ ಯಾಕೆ ಬರೀತಾರೆ, ಹೇಳಿ?

ರೋಡೆನ್‌ಡಾರ್ಫ್ ಮನೆಯಲ್ಲಿರುವ ದೊಡ್ಡ ಹಜಾರದಲ್ಲಿ ಮೂರೂ ಶಾಖೆಯವರು ಸೇರುತ್ತಿದ್ದರು. ಅಲ್ಲಿ ವಿದೂಷಕರ ಮುಖಗಳನ್ನು ಕೆತ್ತಿದ್ದಾರೆ: ಇಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದು ಅಂತ ಅರ್ಥ. ಬಾಗಿಲ ಮೇಲೆ ಒಂದು ಗುಲಾಬಿ: ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಈ ಗುಲಾಬಿ ತುರ್ತಾಗಿ ಬೇಕು.

ಇನ್ನೊಂದು ಸಂಗತಿ ಅಮ್ಮನಿಗೆ ಇಷ್ಟವಾಗುವಂಥದ್ದು. ರ್‍ಯೂಬೆನಾಖ್ ಮನೆಯ ಪೂಜಾಸ್ಥಳ ಗೋಡೆಯಿಂದ ಹೊರಗೆ ಚಾಚಿದ ಒಂದು ಪುಟ್ಟ ಗೂಡಿನಲ್ಲಿದೆ. ದೇವರ ತಲೆಯ ಮೇಲೆ ಮನುಷ್ಯರು ವಾಸ ಮಾಡಬಾರದು ಅಂತ. ದೇವರಮನೆ ಮೇಲೆ ಬಾತ್‌ರೂಮ್ ಬರಬಾರದು ಅಂತ ಅಮ್ಮ ಮೇಸ್ತ್ರಿ ಜೊತೆ ವಾದ ಮಾಡಿದ್ದು ನೆನಪಾಗಿ ನಗು ಬಂತು.

ಹೊರಗಿನ ಕಷ್ಟಗಳೂ ಕಡಿಮೆ ಇರಲಿಲ್ಲ. 1331ರಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಜೊತೆ ಜಗಳ ಶುರುವಾಯಿತು. ಅವನು ಎದುರಿನ ಗುಡ್ಡದ ಮೇಲೆ ಇನ್ನೊಂದು ಕೋಟೆಯನ್ನೇ ಕಟ್ಟಿ, ಅಲ್ಲಿಂದ ಕಲ್ಲುಗುಂಡು ಎಸೆಸಿದ. ಎಲ್ಟ್ಸ್‌ನವರು ಕೊನೆಗೆ ತಲೆಬಾಗಿದರು, ಮನೆ ಉಳಿಯಿತು. ಆ ಎದುರು ಕೋಟೆ ಈಗ ಪಾಳು. 1689ರ ಸುಮಾರಿಗೆ ಫ್ರೆಂಚ್ ಸೈನ್ಯ ಈ ಸೀಮೆಯ ಕೋಟೆಗಳನ್ನೆಲ್ಲ ಒಡೆಯುತ್ತ ಬಂದಾಗ, ಇದೇ ಮನೆತನದ ಹಾನ್ಸ್ ಆಂಟನ್ ಆ ಸೈನ್ಯದಲ್ಲೇ ಅಧಿಕಾರಿಯಾಗಿದ್ದ. ಕೆಡವಬೇಕಾದ ಕೋಟೆಗಳ ಪಟ್ಟಿಯಿಂದ ಎಲ್ಟ್ಸ್ ಹೆಸರು ತೆಗೆಸಿದ. ಬೇರೆ ಮನೆಯಲ್ಲಿದ್ದರೂ, ಬೇರೆ ಕೆಲಸದಲ್ಲಿದ್ದರೂ, ನಮ್ಮದು ಅನ್ನೋ ಭಾವ ಉಳಿದಿತ್ತಲ್ಲ!

1815ರಲ್ಲಿ ಕೋಟೆ ಪೂರ್ತಿಯಾಗಿ ಕೆಂಪೆನಿಖ್ ಶಾಖೆಯ ಕೈಗೆ ಬಂತು. ಇವತ್ತಿಗೂ ಅವರದೇ. 30ಕ್ಕೂ ಹೆಚ್ಚು ತಲೆಮಾರು, 850ಕ್ಕೂ ಹೆಚ್ಚು ವರ್ಷ, ಒಂದೇ ಮನೆತನ. ಹಳೇ 500 ಮಾರ್ಕ್ ನೋಟಿನ ಮೇಲೂ ಇದೇ ಕೋಟೆಯ ಚಿತ್ರವಿತ್ತು.

ಸಂಜೆ ಸ್ಟೇಷನ್ನಿನ ಬೆಂಚಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗಲೇ ರಾತ್ರಿ ಹತ್ತೂವರೆ.

"ಗೋಡೆ ಹಾಕೋದಾದ್ರೆ ಹಾಕ್ಲಿ ಅಪ್ಪಾ. ಬಾವಿ, ತೊಟ್ಟಿ, ಮುಂಬಾಗಿಲು ಮಾತ್ರ ಇಬ್ಬರಿಗೂ ಸೇರಿದ್ದು ಅಂತ ಪತ್ರದಲ್ಲಿ ಬರೆಸಿಬಿಡಿ. ರಿಪೇರಿ ಖರ್ಚು ಯಾರದು ಅಂತಾನೂ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಾವಿ ವಿಷಯ ಅವನೂ ಕೇಳ್ತಿದ್ದ. ನಾನೇ ಸಿಟ್ಟಲ್ಲಿ ಉತ್ತರ ಕೊಡ್ಲಿಲ್ಲ" ಅಂದರು. "ಭಾನುವಾರ ಊಟಕ್ಕೆ ಕರೀಲಾ ಅವನನ್ನ?"

"ಕರೀರಿ" ಅಂದೆ. "ನಡುಮನೆಯಲ್ಲೇ ಎಲೆ ಹಾಕಿ."