ಕೆಡಿಸಿದ್ದು ಬಿಚ್ಚಿದವರಲ್ಲ, ಬಚ್ಚಿಟ್ಟವರು

ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ: "ಅದರ ಸಾಫ್ಟ್‌ವೇರ್ ಮುಟ್ಟಬೇಡಿ, ಮುಟ್ಟಿದರೆ ಯಂತ್ರ ಸತ್ತೇ ಹೋಗುತ್ತದೆ." ಸೋನಿಯ ಪಿಎಸ್‌ಪಿ ಇರಲಿ, ನಿಂಟೆಂಡೊದ 3ಡಿಎಸ್ ಇರಲಿ, ಸ್ವಿಚ್ ಇರಲಿ, ಮಾತು ಅದೇ. ಅಪಾಯ ಇಲ್ಲ ಎಂದು ನಾವು ಹೇಳುವುದಿಲ್ಲ. ಇದೆ. ಆದರೆ ಅದು ಎಲ್ಲಿಂದ ಬರುತ್ತದೆ ಎನ್ನುವುದನ್ನು ತಲೆಕೆಳಗು ಮಾಡಿ ಹೇಳುತ್ತಿದ್ದಾರೆ. ನಮ್ಮ ತಕರಾರು ಅದಕ್ಕೆ.

ಮೊದಲು ಹೋಮ್‌ಬ್ರೂ ಅಂದರೆ ಏನು ಅಂತ ನೋಡೋಣ. ಕಂಪನಿಯ ಅನುಮತಿ ಕೇಳದೆ ಹವ್ಯಾಸಿಗಳು ತಾವೇ ಬರೆದು, ಹೆಚ್ಚಾಗಿ ಪುಕ್ಕಟೆ ಹಂಚುವ ಸಾಫ್ಟ್‌ವೇರ್ ಅದು. ಸಣ್ಣ ಆಟ, ಪುಸ್ತಕ ಓದುವ ಆ್ಯಪ್, ಹಾಡಿನ ಪ್ಲೇಯರ್, ಆಟದ ಸೇವ್ ಫೈಲ್ ಕಾಪಿ ಮಾಡಿಡುವ ಸಾಧನ ಹೀಗೆ. ಇವು ನಡೆಯಬೇಕಾದರೆ ಕಂಪನಿ ಹಾಕಿದ ಬೀಗ ತೆಗೆಯಬೇಕು. ಅದಕ್ಕೇ 'ಮಾಡ್ ಮಾಡುವುದು' ಅನ್ನುತ್ತಾರೆ. ದುಡ್ಡು ಕೊಡದೆ ಗೇಮ್ ಕದ್ದು ಆಡುವುದು ಬೇರೆ ವಿಷಯ, ಅದರ ಪರವಾಗಿ ನಾವು ಬರೆಯುತ್ತಿಲ್ಲ. ಎರಡಕ್ಕೂ ಅಡ್ಡ ಇರುವುದು ಒಂದೇ ಬೀಗ. ಹಾಗಾಗಿ ಬೀಗ ತೆಗೆದವರೆಲ್ಲ ಕಳ್ಳರು ಎಂದು ಹೇಳುವುದು ಕಂಪನಿಗಳಿಗೆ ಸಲೀಸು.

ಮಾಡ್ ಮಾಡಲು ಹೋಗಿ ಆನ್ ಆಗದಂತೆ ಸತ್ತ ಯಂತ್ರಕ್ಕೆ 'ಬ್ರಿಕ್ ಆಯಿತು' ಅನ್ನುತ್ತಾರೆ. ಇನ್ನು ಅದು ಇಟ್ಟಿಗೆಯ ಹಾಗೆ ಅಂತ. ಹೀಗೆ ಯಂತ್ರಗಳು ಇಟ್ಟಿಗೆಯಾದ ದೊಡ್ಡ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿ.

2005ರ ಅಕ್ಟೋಬರ್. ಪಿಎಸ್‌ಪಿಗೆ ಬಂದ ಹೊಸ ಅಪ್‌ಡೇಟ್ ಹೋಮ್‌ಬ್ರೂಗೆ ಅಡ್ಡ ಹಾಕಿತ್ತು. ಹಳೆಯ ಆವೃತ್ತಿಗೆ ವಾಪಸ್ ಹೋಗುವ ದಾರಿಯನ್ನು ಜನ ಹುಡುಕುತ್ತಿದ್ದರು. ಆಗ ಇಂಟರ್‌ನೆಟ್‌ನಲ್ಲಿ ಒಂದು ಫೈಲ್ ಹರಿದಾಡಿತು, ಇದನ್ನು ಹಾಕಿದರೆ ಹಳೆಯದು ಬರುತ್ತದೆ ಅಂತ. ಹಾಕಿದವರ ಯಂತ್ರದಲ್ಲಿ ಅದು ಮುಖ್ಯ ಸಿಸ್ಟಂ ಫೈಲ್‌ಗಳನ್ನೇ ಅಳಿಸಿಹಾಕಿತು. ಅದು ಟ್ರೋಜನ್ ಎಂದು ಆಂಟಿವೈರಸ್ ಕಂಪನಿಗಳು ಎಚ್ಚರಿಸಿದವು. ಅದೇ ತಿಂಗಳು ನಿಂಟೆಂಡೊ ಡಿಎಸ್‌ಗೂ ಅಂಥದ್ದೇ ಒಂದು ಬಂತು.

2014. 3ಡಿಎಸ್‌ನಲ್ಲಿ ಕಾಪಿ ಗೇಮ್ ಓಡಿಸಲು 'ಗೇಟ್‌ವೇ' ಎಂಬ ಕಾರ್ಡ್ ಮಾರಾಟವಾಗುತ್ತಿತ್ತು. ಆ ಕಾರ್ಡನ್ನೇ ನಕಲು ಮಾಡಿ ಬೇರೆಯವರೂ ಮಾರಲು ಶುರು ಮಾಡಿದರು. ಸಿಟ್ಟಿಗೆದ್ದ ಮೂಲ ತಯಾರಕರು ತಮ್ಮ ಅಪ್‌ಡೇಟ್‌ನೊಳಗೆ ಗುಟ್ಟಾಗಿ ಒಂದು ಕೋಡ್ ಸೇರಿಸಿದರು. ನಕಲಿ ಕಾರ್ಡ್ ಕಂಡರೆ ಅದು ಯಂತ್ರವನ್ನೇ ಕೊಲ್ಲುತ್ತಿತ್ತು. ಜಗಳ ಮಾರುವವರ ನಡುವೆ, ಸತ್ತದ್ದು ಗಿರಾಕಿಯ ಯಂತ್ರ.

2018. ಸ್ವಿಚ್‌ಗೆ 'ಎಸ್ಎಕ್ಸ್ ಓಎಸ್' ಎಂಬ ಸಾಫ್ಟ್‌ವೇರನ್ನು ಒಂದು ಗುಂಪು ದುಡ್ಡಿಗೆ ಮಾರುತ್ತಿತ್ತು. ಅದನ್ನು ಬಿಡಿಸಿ ನೋಡಿದ ತಜ್ಞರಿಗೆ ಒಳಗೆ ಒಂದು ಬಲೆ ಕಂಡಿತು. ಸಾಫ್ಟ್‌ವೇರನ್ನು ಯಾರಾದರೂ ಕೆದಕಿದರೆ ಯಂತ್ರದ ಒಳ ಮೆಮೊರಿಗೆ ಪಾಸ್‌ವರ್ಡ್ ಬೀಗ ಬೀಳುವಂತೆ ಬರೆದಿದ್ದರು. ಆ ಗುಂಪಿನ ಒಬ್ಬನಿಗೆ 2022ರಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಜೈಲು ವಿಧಿಸಿತು. ಆದರೆ ಅದು ಕಂಪನಿಗಳ ಗೇಮ್ ಕದಿಯಲು ದಾರಿ ಮಾಡಿಕೊಟ್ಟದ್ದಕ್ಕೆ. ಗಿರಾಕಿಯ ಯಂತ್ರಕ್ಕೆ ಒಡ್ಡಿದ ಬಲೆಯ ಲೆಕ್ಕ ಯಾರೂ ಕೇಳಲಿಲ್ಲ.

2025ರ ಮೇ. ಸ್ವಿಚ್ 2 ಬಿಡುಗಡೆಗೆ ಮುಂಚೆ ನಿಂಟೆಂಡೊ ತನ್ನ ಬಳಕೆದಾರರ ಒಪ್ಪಂದ ಬದಲಿಸಿತು. ನಿಯಮ ಮೀರಿ ಯಂತ್ರವನ್ನು ಮಾರ್ಪಾಡು ಮಾಡಿದರೆ ಅದನ್ನು ಪೂರ್ತಿಯಾಗಿ ಅಥವಾ ಭಾಗಶಃ ಶಾಶ್ವತವಾಗಿ ಬಳಸಲಾಗದಂತೆ ಮಾಡಬಹುದು ಎಂದು ಅಮೆರಿಕದ ಒಪ್ಪಂದದಲ್ಲಿ ಬರೆದುಕೊಂಡಿತು. ಅಂದರೆ ದುಡ್ಡು ತೆಗೆದುಕೊಂಡು ಮಾರಿದವರೇ, ಬೇಕಾದರೆ ಸಾಯಿಸುತ್ತೇವೆ ಅನ್ನುತ್ತಿದ್ದಾರೆ.

ಕಿಡಿಗೇಡಿ, ಕಳ್ಳ ವ್ಯಾಪಾರಿ, ದೊಡ್ಡ ಕಂಪನಿ. ಮೂವರೂ ಬೇರೆ ಬೇರೆ ಜನ, ಕೆಲಸ ಮಾತ್ರ ಒಂದೇ ಥರದ್ದು. ನಿಮ್ಮ ಯಂತ್ರದೊಳಗೆ ನಿಮಗೆ ಕಾಣದ ಕೋಡ್ ಇಟ್ಟು, ಅದರ ಜೀವ ತಮ್ಮ ಕೈಯಲ್ಲಿ ಇಟ್ಟುಕೊಳ್ಳುವುದು.

ಇನ್ನೊಂದು ಕಡೆ ನೋಡಿ. ಕೆಟ್ಟ ಪಿಎಸ್‌ಪಿಗೆ ಜೀವ ಕೊಡುವ ಉಪಾಯ ಸೋನಿಯ ರಿಪೇರಿ ವಿಭಾಗದ ಹತ್ತಿರ ಇತ್ತು. ವಿಶೇಷ ನಂಬರ್ ಬರೆದ ಒಂದು ಬ್ಯಾಟರಿ ಹಾಕಿದರೆ ಯಂತ್ರ ಸರ್ವಿಸ್ ಸ್ಥಿತಿಗೆ ಹೋಗಿ, ಮೆಮೊರಿ ಕಾರ್ಡ್‌ನಿಂದ ಸ್ಟಾರ್ಟ್ ಆಗುತ್ತಿತ್ತು. ಕೊಂಡವರಿಗೆ ಇದನ್ನು ಯಾರೂ ಹೇಳಿರಲಿಲ್ಲ. 2007ರಲ್ಲಿ ಹೋಮ್‌ಬ್ರೂ ಮಂದಿ ಅದನ್ನು ಕಂಡುಹಿಡಿದು 'ಪಂಡೋರಾ ಬ್ಯಾಟರಿ' ಎಂಬ ಹೆಸರಿನಲ್ಲಿ ಎಲ್ಲರಿಗೂ ಹಂಚಿದರು. ಇಟ್ಟಿಗೆಯಾಗಿ ಮೂಲೆ ಸೇರಿದ್ದ ಪಿಎಸ್‌ಪಿಗಳು ಎದ್ದು ಕೂತವು. ಮದ್ದು ಗೊತ್ತಿದ್ದೂ ಬಚ್ಚಿಟ್ಟವರು ಯಾರು, ಹುಡುಕಿ ಹಂಚಿದವರು ಯಾರು?

ಬೀಗ ಹಾಕಿಯೇ ಇಟ್ಟರೆ ಯಂತ್ರ ಕ್ಷೇಮವಾಗಿ ಇರುತ್ತದೆ ಅನ್ನುವುದೂ ಸುಳ್ಳು. 3ಡಿಎಸ್ ತಯಾರಿಕೆ 2020ರಲ್ಲಿ ನಿಂತಿತು. ಅದರ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದು 2023ರ ಮಾರ್ಚ್‌ನಲ್ಲಿ ಬಂದ್. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟವೂ ಬಂದ್. ಸ್ಕ್ರೀನು, ಬಟನ್ನು ಎಲ್ಲ ಸರಿ ಇರುವ ಯಂತ್ರಕ್ಕೆ ಕಂಪನಿ ಅಂಗಡಿಯಿಂದ ಹೊಸದೇನೂ ಬರುವುದಿಲ್ಲ. ಅದರ ಮೆನುವಿನಲ್ಲಿ ಕನ್ನಡ ಮೊದಲೂ ಇರಲಿಲ್ಲ. ಇನ್ನು ಕಂಪನಿ ಅದನ್ನು ತರುವುದೂ ಇಲ್ಲ. ಹೊಸದೇನಾದರೂ ಬರುವುದಿದ್ದರೆ ಬೀಗ ತೆಗೆದವರಿಂದಲೇ ಬರಬೇಕು.

ಹಾಗಾದರೆ ಕಣ್ಣುಮುಚ್ಚಿ ಬಿಚ್ಚಿಬಿಡಿ ಎನ್ನುತ್ತೇವೆಯೇ? ಇಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯನ್ನು ನಮ್ಮ ರೈತರು ತಾವೇ ತೆಗೆಯುತ್ತಾರೆ, ಆದರೆ ಮೇನ್ ಆಫ್ ಮಾಡದೆ ಕೈ ಹಾಕುವುದಿಲ್ಲ. ಇಲ್ಲೂ ಹಾಗೆಯೇ.

ಮೇನ್ ಆಫ್ ಮಾಡಿದಷ್ಟೇ ಮುಖ್ಯವಾದದ್ದು ಬ್ಯಾಕಪ್. ಯಂತ್ರದ ಒಳ ಮೆಮೊರಿಯ ಪೂರ್ತಿ ನಕಲನ್ನು ಅವಕಾಶ ಸಿಕ್ಕ ಮೊದಲ ಹಂತದಲ್ಲೇ ತೆಗೆದು, ಎರಡು ಬೇರೆ ಬೇರೆ ಕಡೆ ಇಡಬೇಕು. 3ಡಿಎಸ್‌ನಲ್ಲಿ ಈ ನಕಲು ಆಯಾ ಯಂತ್ರದ ಸ್ವಂತ ಕೀಲಿಯಿಂದ ಗೂಢಲಿಪಿಯಾಗಿರುತ್ತದೆ. ಗೆಳೆಯನ ಬ್ಯಾಕಪ್ ನಿಮ್ಮದಕ್ಕೆ ಆಗುವುದಿಲ್ಲ. ನಿಮ್ಮದು ಕಳೆದರೆ ಕಳೆದಂತೆಯೇ.

ಎರಡನೆಯದು ಕರೆಂಟು. ಸಿಸ್ಟಂ ಫೈಲ್ ಬರೆಯುತ್ತಿರುವಾಗ ಚಾರ್ಜ್ ಮುಗಿದರೆ ಅರ್ಧ ಬರೆದ ಫೈಲ್ ಉಳಿದು ಯಂತ್ರ ಎದ್ದೇಳದೆ ಹೋಗಬಹುದು. ಬ್ಯಾಟರಿ ತುಂಬಿಸಿಕೊಂಡೇ ಕೂರಿ. ಹಳೆಯ ಯಂತ್ರದ ಬ್ಯಾಟರಿ ಉಬ್ಬಿದ್ದರೆ ಮಾಡ್ ಮಾತು ಬಿಡಿ, ಮೊದಲು ಬ್ಯಾಟರಿ ಬದಲಿಸಿ. ಅದನ್ನು ಚುಚ್ಚಬೇಡಿ, ಒತ್ತಬೇಡಿ, ಬೆಂಕಿ ಹತ್ತಬಹುದು.

ಮೂರನೆಯದು ಮೆಮೊರಿ ಕಾರ್ಡ್. ಮೇಲೆ 128 ಜಿಬಿ ಎಂದು ಬರೆದು ಒಳಗೆ ಅಷ್ಟಿಲ್ಲದ ನಕಲಿ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಇವೆ. ಅಂಥದ್ದರಲ್ಲಿ ಇಟ್ಟ ಫೈಲ್ ಹಾಳಾಗುತ್ತದೆ, ಬ್ಯಾಕಪ್ಪೂ ಹಾಳಾಗುತ್ತದೆ. ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿಯೇ ಬಳಸಿ.

ನಾಲ್ಕನೆಯದು ಅವಸರ. ಒಂದೇ ಹೆಸರಿನ ಯಂತ್ರದಲ್ಲಿ ಹತ್ತು ಮಾದರಿ ಇರುತ್ತವೆ. ಹಳೆಯ ವಿಡಿಯೊ ನೋಡಿ ಮಾಡಿದರೆ ಅದರ ಹಂತಗಳು ನಿಮ್ಮ ಮಾದರಿಗೆ, ನಿಮ್ಮ ಆವೃತ್ತಿಗೆ ಸರಿ ಹೋಗದಿರಬಹುದು. ಹೊಸದಾಗಿ ತಿದ್ದಿದ ಬರಹದ ಮಾರ್ಗದರ್ಶಿಯನ್ನು ಮೊದಲಿಂದ ಕೊನೆವರೆಗೆ ಓದಿಕೊಂಡು ಆಮೇಲೆ ಕೈ ಹಾಕಿ. ಇಷ್ಟಾದರೂ ವಾರಂಟಿ ಹೋಗಬಹುದು, ಕಂಪನಿ ಆನ್‌ಲೈನ್ ಸೇವೆಯಿಂದ ಹೊರಹಾಕಬಹುದು. ಸ್ವಿಚ್ 2 ಥರದ ಹೊಸ ಯಂತ್ರದಲ್ಲಿ ಆ ನಷ್ಟ ದೊಡ್ಡದು. ಅಂಗಡಿಯೇ ಮುಚ್ಚಿದ ಹಳೆಯದರಲ್ಲಿ ಕಳೆದುಕೊಳ್ಳಲು ಅಂಥದ್ದೇನೂ ಉಳಿದಿಲ್ಲ.

ಮಾಡ್ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಯಂತ್ರ ಕೊಡುವುದಾದರೆ ಎರಡು ಪ್ರಶ್ನೆ ಕೇಳಿ. ನೀವು ಹಾಕುವ ಸಾಫ್ಟ್‌ವೇರಿನ ಹೆಸರೇನು, ಅದರ ಕೋಡ್ ಎಲ್ಲರೂ ನೋಡುವಂತೆ ಇದೆಯೇ? ನನ್ನ ಯಂತ್ರದ ಬ್ಯಾಕಪ್ ನನ್ನ ಕೈಗೆ ಕೊಡುತ್ತೀರಾ? "ಅದೆಲ್ಲ ನಿಮಗೆ ಯಾಕೆ" ಅನ್ನುವ ಉತ್ತರ ಬಂದರೆ ಯಂತ್ರ ವಾಪಸ್ ತಗೊಂಡು ಬನ್ನಿ. ಅಲ್ಲೂ ಬಚ್ಚಿಡುವ ರೋಗವೇ.

ಕಾನೂನಿನ ಮಾತು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಕಲಂ ಸೇರಿತು. ಇಂಥ ಡಿಜಿಟಲ್ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ ಎಂದು ಅದು ಹೇಳುತ್ತದೆ. ಆದರೆ ಕೃತಿಸ್ವಾಮ್ಯದ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಎಂಬ ಮಾತೂ ಅದೇ ಕಲಂನಲ್ಲಿ ಇದೆ. ಕದಿಯಲು ಬೀಗ ಮುರಿಯುವುದು, ತನ್ನ ವಸ್ತುವನ್ನು ಬಳಸಿಕೊಳ್ಳಲು ಬೀಗ ತೆಗೆಯುವುದು, ಈ ಎರಡರ ವ್ಯತ್ಯಾಸ ನಮ್ಮ ಕಾಯ್ದೆಗೆ ಗೊತ್ತಿದೆ. ಗೊತ್ತಿಲ್ಲದವರ ಹಾಗೆ ನಟಿಸುತ್ತಿರುವವರು ಕಂಪನಿಗಳು.

ಆಟದ ಸಾಮಾನಿಗೆ ಇಷ್ಟು ಮಾತು ಯಾಕೆ ಎಂದು ಕೇಳಬೇಡಿ. ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಬೀಗದ ಬಗ್ಗೆ ಅಮೆರಿಕದ ರೈತರು ವರ್ಷಗಟ್ಟಲೆ ಜಗಳವಾಡಿದ್ದಾರೆ. ರಿಪೇರಿ ವಿಷಯದಲ್ಲಿ ಜಾನ್ ಡಿಯರ್ ಕಂಪನಿಯ ಮೇಲೆ 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಆಯೋಗವೇ ಕೇಸು ಹಾಕಿತು. ಇವತ್ತು ಗೇಮ್ ಯಂತ್ರಕ್ಕೆ ಒಪ್ಪಿಕೊಂಡ ಬೀಗ ನಾಳೆ ಹೊಲಕ್ಕೆ ಬರುತ್ತದೆ.

ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮೊಬೈಲ್, ವಾಹನ, ಕೃಷಿ ಉಪಕರಣ ಎಲ್ಲ ಅದರಲ್ಲಿ ಇವೆ. ಪೋರ್ಟಲ್ ಸಾಲದು, ಕಾನೂನು ಬೇಕು. ಮಾರಿದ ಯಂತ್ರವನ್ನು ದೂರದಲ್ಲಿ ಕೂತು ಸಾಯಿಸುವ ಅಧಿಕಾರ ಯಾವ ಕಂಪನಿಗೂ ಇರಬಾರದು. ಅಂಗಡಿ ಮುಚ್ಚುವ ದಿನ ಬೀಗದ ಕೈಯನ್ನು ಕೊಂಡವರಿಗೆ ಕೊಟ್ಟು ಹೋಗಬೇಕು. ಅಲ್ಲಿಯವರೆಗೆ ಹುಷಾರಾಗಿ, ಓದಿಕೊಂಡು, ಬ್ಯಾಕಪ್ ಇಟ್ಟುಕೊಂಡು ತನ್ನ ಯಂತ್ರವನ್ನು ತಾನೇ ತೆರೆಯುವವರನ್ನು ಯಾರಾದರೂ ಕಳ್ಳ ಎಂದು ಕರೆದರೆ ನಾವು ಒಪ್ಪುವುದಿಲ್ಲ.